ಒಂದೇ ಗುಳಿಯಲ್ಲಿ ನಾಲ್ಕು ವೈರಸ್: ಬ್ಯಾಡಗಿ ಮೆಣಸಿನ ಎಲೆಗೆ ಬಣ್ಣಸಂಕೇತದ ಸೂಕ್ಷ್ಮಮಣಿ ಪರೀಕ್ಷೆ ಕಟ್ಟಿದ ದಾಖಲೆ

ಧಾರವಾಡದ ನಮ್ಮ ಸಣ್ಣ ಸಸ್ಯರೋಗ ಪ್ರಯೋಗಾಲಯದಲ್ಲಿ ಜೂನ್ ತಿಂಗಳಲ್ಲಿ ಕೈಗೆತ್ತಿಕೊಂಡ ಕೆಲಸವು ಅಕ್ಟೋಬರ್ ಕೊನೆಯ ಹೊತ್ತಿಗೆ ಒಂದು ಹದಕ್ಕೆ ಬಂದಿದೆ. ಬ್ಯಾಡಗಿ ಮೆಣಸಿನಕಾಯಿ ಗಿಡದ ಒಂದೇ ಎಲೆಯ ರಸದಲ್ಲಿ ನಾಲ್ಕು ವೈರಸ್‌ಗಳನ್ನು ಒಂದೇ ಸಲಕ್ಕೆ ಹುಡುಕುವುದು ಇದರ ಉದ್ದೇಶ. ಪ್ರತಿಕಾಯಗಳಿಂದ (ಒಂದೊಂದು ವೈರಸ್ಸನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿಂದ) ರೋಗ ಹುಡುಕುವ ಎಲೈಸಾ ವಿಧಾನದಲ್ಲಿ ಪ್ರತಿ ವೈರಸ್‌ಗೂ ಒಂದೊಂದು ಪ್ಲೇಟ್ ಬೇಕು, ಪ್ರತಿ ಗುಳಿಗೂ 100 ಮೈಕ್ರೋಲೀಟರ್ ರಸ ಬೇಕು. ಕುಂದಗೋಳ, ಶಿರಹಟ್ಟಿ, ಬ್ಯಾಡಗಿ ಕಡೆಯ ಹೊಲಗಳಿಂದ ಸೆಪ್ಟೆಂಬರ್‌ನಲ್ಲಿ ಎಲೆಗಳು ಒಟ್ಟಿಗೇ ಬಂದು ಬೀಳುವಾಗ ಆ ವಿಧಾನ ಸಾಲುವುದಿಲ್ಲ. ಇದೇ ದಾರಿ ಹಿಡಿಯುವವರಿಗೆ ಉಪಯೋಗವಾಗಲೆಂದು ಅಳತೆ, ಖರ್ಚು ಮತ್ತು ಕೆಟ್ಟುಹೋದ ಪ್ರಯತ್ನಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಕೈಯಲ್ಲಿ ಏನಿತ್ತು, ಏನನ್ನು ಕಟ್ಟಬೇಕಿತ್ತು

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ 1995ರಲ್ಲಿ ಆರಂಭವಾದ ಲ್ಯೂಮಿನೆಕ್ಸ್ ಕಂಪನಿ ಬಳಕೆಗೆ ತಂದ ಬಗೆಯ ಮಣಿಗಳು ನಮ್ಮವು. ಪಾಲಿಸ್ಟೈರಿನ್‌ನಿಂದ ಮಾಡಿದ, ಒಳಗೆ ಅಯಸ್ಕಾಂತೀಯ ಪದರವಿರುವ, 6.5 ಮೈಕ್ರಾನ್ ವ್ಯಾಸದ ಕಣಗಳು. ಒಂದೊಂದು ಗುಂಪಿನ ಮಣಿಗೂ ಎರಡು ಕೆಂಪು ಪ್ರತಿದೀಪ್ತ ಬಣ್ಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಉಣಿಸಿರುತ್ತಾರೆ. ಎರಡು ಬಣ್ಣಕ್ಕೆ ಹತ್ತು ಹತ್ತು ಮಟ್ಟ ಎಂದರೆ ನೂರು ಸಂಕೇತಗಳಾದವು. ಯಂತ್ರವು ಕೆಂಪು ಬೆಳಕಿನಲ್ಲಿ ಮಣಿಯ ಸಂಖ್ಯೆಯನ್ನು ಓದುತ್ತದೆ. ಹಸಿರು ಬೆಳಕಿನಲ್ಲಿ ಅದರ ಮೈಮೇಲೆ ಫೈಕೋಎರಿಥ್ರಿನ್ ಎಂಬ ಹೊಳೆಯುವ ಗುರುತುಬಣ್ಣ ಎಷ್ಟು ಕೂತಿದೆ ಎಂಬುದನ್ನು ಓದುತ್ತದೆ. ಮೊದಲನೆಯದು ಯಾವ ಪರೀಕ್ಷೆ ಎಂಬುದನ್ನು ಹೇಳಿದರೆ ಎರಡನೆಯದು ಅದರ ಫಲಿತಾಂಶವನ್ನು ಹೇಳುತ್ತದೆ. ತತ್ವ ಇಷ್ಟೇ ಸಾಕು.

ನಾವು ಆರು ಸಂಖ್ಯೆಯ ಮಣಿಗಳನ್ನು ತರಿಸಿಕೊಂಡೆವು: 14, 26, 36, 45, 55 ಮತ್ತು 65. ಎರಡು ಬಣ್ಣಗಳ ಮಟ್ಟದ ನಕ್ಷೆಯಲ್ಲಿ ಒಂದಕ್ಕೊಂದು ತಗಲಿಕೊಳ್ಳದ ಸಂಖ್ಯೆಗಳನ್ನೇ ಆರಿಸಿದ್ದು ಬೇಕೆಂದೇ. ನಾಳೆ ಬಣ್ಣ ಸ್ವಲ್ಪ ಮಾಸಿದರೂ ಪಕ್ಕದ ಮನೆಗೆ ಹೋಗಿ ಕೂರಬಾರದು. ಮೊದಲ ನಾಲ್ಕಕ್ಕೆ ಕ್ರಮವಾಗಿ ಸೌತೆ ಮೊಸಾಯಿಕ್ ವೈರಸ್, ಮೆಣಸಿನ ವೀನಲ್ ಮಾಟಲ್ ವೈರಸ್, ಶೇಂಗಾ ಮೊಗ್ಗು ಕೊಳೆ ವೈರಸ್ ಮತ್ತು ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್‌ಗಳ ಪ್ರತಿಕಾಯಗಳನ್ನು ಕೂಡಿಸಬೇಕು. 55ಕ್ಕೆ ಬರಿಯ ಬಿಎಸ್‌ಎ, ಅಂದರೆ ದನದ ರಕ್ತದ ಅಲ್ಬುಮಿನ್ ಪ್ರೋಟೀನು; 65ಕ್ಕೆ ಬಯೋಟಿನ್ ಎಂಬ ಚಿಕ್ಕ ಅಣು ಹಚ್ಚಿದ ಬಿಎಸ್‌ಎ. ಈ ಕಡೆಯ ಎರಡು ಮಣಿಗಳು ಯಾವ ವೈರಸ್ಸನ್ನೂ ಹುಡುಕುವುದಿಲ್ಲ. ಹಣ ದಂಡವೆಂದು ಇವನ್ನು ಕೈಬಿಡುವ ಮಾತು ನಮ್ಮಲ್ಲಿಯೂ ಬಂದಿತ್ತು. ಕೈಬಿಡದಿದ್ದುದು ಎಷ್ಟು ಒಳ್ಳೆಯದಾಯಿತೆಂಬುದು ಮುಂದಿನ ಹಂತಗಳಲ್ಲಿ ತಿಳಿಯುತ್ತದೆ.

ಮಣಿಗಳನ್ನು ಓದುವ ಯಂತ್ರ ನಮ್ಮಲ್ಲಿಲ್ಲ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಶುಲ್ಕ ಕೊಟ್ಟು ಓದಿಸಿಕೊಳ್ಳುವ ವ್ಯವಸ್ಥೆ ಇದೆ. ಅದಕ್ಕೆ ಮೊದಲಿನ ಕೆಲಸವೆಲ್ಲ, ಅಂದರೆ ಪ್ರತಿಕಾಯ ಕೂಡಿಸುವುದು, ಎಣಿಸುವುದು, ರಸದೊಡನೆ ಬೆರೆಸುವುದು, ತೊಳೆಯುವುದು ಇಲ್ಲಿಯೇ ಆಗಬೇಕು. ಅದಕ್ಕೆ ಬೇಕಾದ ಅಯಸ್ಕಾಂತದ ಪೀಠ ಮತ್ತು ಟ್ಯೂಬ್ ತಿರುಗಿಸುವ ಯಂತ್ರದ ಮಾರುಕಟ್ಟೆ ಬೆಲೆ ಕೇಳಿದ ಮೇಲೆ ಎರಡನ್ನೂ ಹುಬ್ಬಳ್ಳಿಯಲ್ಲಿ ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದೆವು.

ಜೂನ್: 96 ಗುಳಿಯ ಪ್ಲೇಟಿಗೆ ಅಯಸ್ಕಾಂತದ ಪೀಠ

ಪ್ಲೇಟಿನ ಗುಳಿಗಳ ನಡುವಿನ ಅಂತರ 9 ಮಿ.ಮೀ. ನಾಲ್ಕು ಗುಳಿಗಳ ನಡುವಿನ ಸಂದಿಯಲ್ಲಿ ಒಂದು ಅಯಸ್ಕಾಂತದ ಕಡ್ಡಿ ನಿಂತರೆ ಅದು ನಾಲ್ಕಕ್ಕೂ ಸಾಕಾಗುತ್ತದೆ. ಆದ್ದರಿಂದ 18 ಮಿ.ಮೀ. ಅಂತರದಲ್ಲಿ ಉದ್ದಕ್ಕೆ ಆರು, ಅಗಲಕ್ಕೆ ನಾಲ್ಕು, ಒಟ್ಟು 24 ಕಡ್ಡಿಗಳು ಬೇಕು. ಎನ್52 ದರ್ಜೆಯ ನಿಯೋಡಿಮಿಯಂ ಕಡ್ಡಿಗಳು, 4 ಮಿ.ಮೀ. ವ್ಯಾಸ, 10 ಮಿ.ಮೀ. ಉದ್ದ, ಒಂದಕ್ಕೆ 22 ರೂಪಾಯಿಯಂತೆ ಮೂವತ್ತು ತರಿಸಿದೆವು. ಪೀಠಕ್ಕೆ 10 ಮಿ.ಮೀ. ದಪ್ಪದ ಅಕ್ರಿಲಿಕ್ ಚೂರು ನಾಮಫಲಕ ಮಾಡುವವರ ಬಳಿ 300 ರೂಪಾಯಿಗೆ ಸಿಕ್ಕಿತು. ಅದನ್ನು 118 × 76 ಮಿ.ಮೀ.ಗೆ ಕತ್ತರಿಸಿದರೆ ಪ್ಲೇಟಿನ ಅಂಚು ಅದರ ಹೊರಗೆ ಇಳಿದು, ಗುಳಿಗಳ ತಳ ನೇರವಾಗಿ ಅಕ್ರಿಲಿಕ್ ಮೇಲೆ ಕೂರುತ್ತದೆ. ಗುಳಿಗಳ ತಳ ದುಂಡಾಗಿರುವ ಪ್ಲೇಟೇ ಆಗಬೇಕು. ಚಪ್ಪಟೆ ತಳದ್ದಾದರೆ ಸಂದಿಯಲ್ಲಿ ಕಡ್ಡಿಗೆ ಜಾಗವಿರುವುದಿಲ್ಲ.

ಮೊದಲ ಚೂರು ಹಾಳಾಯಿತು. ಸ್ಕೇಲಿನಿಂದ ಗುರುತು ಹಾಕಿ ಕೈ ಡ್ರಿಲ್‌ನಿಂದ ಕೊರೆದಾಗ ಒಂದೊಂದು ತೂತಿಗೂ ಕೂದಲೆಳೆಯಷ್ಟು ಸರಿದು, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದಿತ್ತು. ಪ್ಲೇಟು ಕೂರಲೇ ಇಲ್ಲ. ಎರಡನೆಯ ಸಲ ಅಳತೆಯನ್ನು ಪ್ಲೇಟಿನ ಪ್ರಮಾಣಿತ ನಕ್ಷೆಯಿಂದಲೇ ತೆಗೆದುಕೊಂಡೆವು. ಪ್ಲೇಟಿನ ಹೊರ ಅಳತೆ 127.76 × 85.48 ಮಿ.ಮೀ.; ಮೊದಲ ಗುಳಿಯ ಕೇಂದ್ರ ಎಡ ಅಂಚಿನಿಂದ 14.38 ಮತ್ತು ಮೇಲಂಚಿನಿಂದ 11.24 ಮಿ.ಮೀ. ದೂರದಲ್ಲಿರುತ್ತದೆ. ಎರಡಕ್ಕೂ 4.5 ಕೂಡಿಸಿದರೆ ಮೊದಲ ಕಡ್ಡಿಯ ಜಾಗ 18.88 ಮತ್ತು 15.74 ಆಗುತ್ತದೆ, ಅಲ್ಲಿಂದ ಮುಂದೆ 18ರ ಲೆಕ್ಕ. ಇದನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ಅಕ್ರಿಲಿಕ್ ಮೇಲೆ ಅಂಟಿಸಿ, ಹುಬ್ಬಳ್ಳಿ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಲೇಥ್ ಅಂಗಡಿಗೆ ಕೊಟ್ಟೆವು. ಸ್ಟ್ಯಾಂಡಿಗೆ ಬಿಗಿದ ಡ್ರಿಲ್ಲಿನಲ್ಲಿ 6 ಮಿ.ಮೀ. ಆಳಕ್ಕೆ ಕೊರೆದದ್ದಕ್ಕೆ 400 ರೂಪಾಯಿ. ಕಡ್ಡಿ 4 ಮಿ.ಮೀ.ಯಷ್ಟು ಮೇಲೆ ಚಾಚಿಕೊಂಡು ಗುಳಿಯ ದುಂಡು ತಳದ ಪಕ್ಕಕ್ಕೆ ಬರುತ್ತದೆ.

ಅಂಗಡಿಯ ಹಿರಿಯರು ಕಡ್ಡಿಗಳನ್ನು ನೋಡಿದ ಕೂಡಲೇ, "ಇವು ಒಂದಕ್ಕೊಂದು ಹಾರಿ ಒಡೀತಾವ್ರಿ ಸರ, ಮೊದಲ ತಲಿಗೆ ಗುರ್ತು ಹಾಕ್ಕೊಳ್ರಿ" ಎಂದು ಹೇಳಿದ್ದರು. ಗುರುತು ಹಾಕಿದೆವು, ಆದರೂ ಅಂಟು ಒಣಗುವ ಮೊದಲೇ ಪಕ್ಕದ ತೂತಿಗೆ ಇನ್ನೊಂದನ್ನು ಇಳಿಸುವಾಗ ಎರಡು ಕಡ್ಡಿಗಳು ಎದ್ದು ಹಾರಿ ಚೂರಾದವು. ಬಳಿಕ ಒಂದು ಬಿಟ್ಟು ಒಂದರಂತೆ ತುಂಬಿ, ಅರಾಲ್ಡೈಟ್ ರಾತ್ರಿಯಿಡೀ ಒಣಗಿದ ಮೇಲೆ ಉಳಿದವನ್ನು ಕೂರಿಸಿದೆವು. ಯಾವ ಧ್ರುವ ಮೇಲಿದ್ದರೂ ಮಣಿಗೆ ವ್ಯತ್ಯಾಸವಿಲ್ಲ, ಅದು ಎರಡು ಧ್ರುವಕ್ಕೂ ಎಳೆಯಲ್ಪಡುತ್ತದೆ. ಗುರುತು ಬೇಕಾಗುವುದು ಜೋಡಿಸುವವರ ಬೆರಳಿಗಾಗಿ ಮಾತ್ರ.

1.5 ಮಿ.ಲೀ. ಟ್ಯೂಬ್‌ಗಳಿಗೆ ಬೇರೆ ಪೀಠ: ಸಾಗವಾನಿ ತುಂಡಿನಲ್ಲಿ 11 ಮಿ.ಮೀ. ತೂತುಗಳು, ಅವುಗಳ ಬೆನ್ನಿಗೆ 20 × 10 × 5 ಮಿ.ಮೀ. ಅಯಸ್ಕಾಂತದ ಬಿಲ್ಲೆಗಳು. ಆರು ಬಿಲ್ಲೆಗೆ 540 ರೂಪಾಯಿ. ಇದರಲ್ಲಿ ಏನೂ ತೊಂದರೆ ಬರಲಿಲ್ಲ.

ಜುಲೈ ಮೊದಲ ವಾರಗಳು: ತಿರುಗಣೆ

ಪ್ರತಿಕಾಯ ಕೂಡುವಾಗ ಎರಡು ಗಂಟೆ ಕಾಲ ಟ್ಯೂಬ್ ತಲೆಕೆಳಗಾಗಿ ತಿರುಗುತ್ತಲೇ ಇರಬೇಕು. ಇಲ್ಲವಾದರೆ ಮಣಿಗಳು ತಳಕ್ಕೆ ಕೂತು, ಮೇಲಿನ ಪದರಕ್ಕೆ ಮಾತ್ರ ಪ್ರತಿಕಾಯ ಸಿಗುತ್ತದೆ. ಕೈಯಲ್ಲಿದ್ದ 100 ಸುತ್ತಿನ ಹಳೆಯ ಗೇರ್ ಮೋಟರಿನಿಂದ ಮೊದಲು ಮಾಡಿ ನೋಡಿದೆವು. ನೊರೆ ಬಂತು, ಮಣಿಗಳು ಮುಚ್ಚಳದ ಒಳಗೆ ಕಂದು ಬಳೆಯಂತೆ ಅಂಟಿಕೊಂಡವು. ಆಮೇಲೆ 12 ವೋಲ್ಟ್, ನಿಮಿಷಕ್ಕೆ 30 ಸುತ್ತಿನ ಗೇರ್ ಮೋಟರು (450 ರೂ.), ವೇಗ ತಗ್ಗಿಸುವ ಸಣ್ಣ ಬೋರ್ಡು (130 ರೂ.), ಅಡಾಪ್ಟರ್ (220 ರೂ.) ಮತ್ತು ಕಸಬರಿಗೆಯನ್ನು ಗೋಡೆಗೆ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್ಪುಗಳು, ಹತ್ತಕ್ಕೆ 120 ರೂ. ಉಳಿದ ಅಕ್ರಿಲಿಕ್‌ನ ತಟ್ಟೆಗೆ ಕ್ಲಿಪ್ಪುಗಳನ್ನು ಸ್ಕ್ರೂ ಹಾಕಿ ಬಿಗಿದು, ನಿಮಿಷಕ್ಕೆ 20 ಸುತ್ತಿಗೆ ನಿಲ್ಲಿಸಿದೆವು.

ಮಳೆಗಾಲದ ಧಾರವಾಡದಲ್ಲಿ ಎರಡು ಗಂಟೆ ಕರೆಂಟು ನಿಲ್ಲದೆ ಇರುತ್ತದೆಂದು ನಂಬಿ ದುಬಾರಿ ಪ್ರತಿಕಾಯವನ್ನು ತಿರುಗಣೆಗೆ ಹಾಕಲಾಗದು. ಮನೆಗಳಲ್ಲಿ ಇಂಟರ್ನೆಟ್ ಪೆಟ್ಟಿಗೆಗೆ ಬಳಸುವ 12 ವೋಲ್ಟಿನ ಪುಟ್ಟ ಯುಪಿಎಸ್ 1,100 ರೂಪಾಯಿಗೆ ಸಿಕ್ಕಿತು. ಈ ಮೋಟರಿಗೆ ಅದು ಧಾರಾಳವಾಗಿ ಸಾಕು. ಇಡೀ ತಿರುಗಣೆಯ ಮೇಲೆ ಕಪ್ಪು ಬಟ್ಟೆ ಹೊಲಿಸಿದ ರಟ್ಟಿನ ಪೆಟ್ಟಿಗೆ ಕವುಚಿಟ್ಟೆವು, ಏಕೆಂದರೆ ಮಣಿಯ ಒಳಬಣ್ಣ ಬೆಳಕಿಗೆ ಮಾಸುತ್ತದೆ. ಮಾಸಿದರೆ ಸಂಕೇತವೇ ಹೋಯಿತು.

ಅರಾಲ್ಡೈಟಿನ 160 ಸೇರಿ ಕಟ್ಟಿದ ಸಾಮಾನಿನ ಒಟ್ಟು ಖರ್ಚು 4,080 ರೂಪಾಯಿ. ಹಾಳಾದ ಅಕ್ರಿಲಿಕ್ ಚೂರು ಇದರಲ್ಲಿ ಸೇರಿಲ್ಲ.

ಜುಲೈ ಕೊನೆ: ಪ್ರತಿಕಾಯ ಕೂಡಿಸುವುದು, ಮೊದಲ ಸುತ್ತು

ಅನುಸರಿಸಿದ ಕ್ರಮ ಹೀಗಿದೆ. ಮಣಿಯ ಸೀಸೆಯಲ್ಲಿ ಮಿಲಿಲೀಟರಿಗೆ 1.25 ಕೋಟಿ ಮಣಿಗಳಿರುತ್ತವೆ. ಅದರಿಂದ 400 ಮೈಕ್ರೋಲೀಟರ್, ಅಂದರೆ 50 ಲಕ್ಷ ಮಣಿ ತೆಗೆದು, ಮಣಿ ಗೋಡೆಗೆ ಅಂಟದ ಬಗೆಯ ಟ್ಯೂಬಿಗೆ ಹಾಕಿ, ನೀರಿನಲ್ಲಿ ತೊಳೆದು, ಪಿಎಚ್ 6.2ರ 100 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟಿನ 80 ಮೈಕ್ರೋಲೀಟರಿನಲ್ಲಿ ಎಬ್ಬಿಸಬೇಕು. ಮಿಲಿಲೀಟರಿಗೆ 50 ಮಿ.ಗ್ರಾಂ. ಇರುವಂತೆ ಆಗಷ್ಟೇ ಕರಗಿಸಿದ, ಮಣಿಗೆ ಪ್ರೋಟೀನನ್ನು ಬೆಸೆಯುವ ಸಲ್ಫೋ-ಎನ್‌ಎಚ್‌ಎಸ್ ಮತ್ತು ಇಡಿಸಿ ದ್ರಾವಣಗಳನ್ನು ಒಂದರ ಹಿಂದೊಂದು 10 ಮೈಕ್ರೋಲೀಟರಿನಂತೆ ಸೇರಿಸಿ 20 ನಿಮಿಷ ಕತ್ತಲಲ್ಲಿ ಇಡಬೇಕು. ಆಮೇಲೆ ಪಿಎಚ್ 5.0ರ ಎಂಇಎಸ್ ಬಫರಿನಲ್ಲಿ ಎರಡು ಸಲ ತೊಳೆದು, 25 ಮೈಕ್ರೋಗ್ರಾಂ ಪ್ರತಿಕಾಯ ಹಾಕಿ, ಒಟ್ಟು 500 ಮೈಕ್ರೋಲೀಟರ್ ಮಾಡಿ ಎರಡು ಗಂಟೆ ತಿರುಗಿಸಬೇಕು. ಕೊನೆಗೆ ಬಿಎಸ್‌ಎ, ಟ್ವೀನ್-20 ಮತ್ತು ಸೋಡಿಯಂ ಅಜೈಡ್ ಇರುವ ಪಿಬಿಎಸ್ ಎಂಬ ಉಪ್ಪಿನ ಬಫರಿನಲ್ಲಿ ತೊಳೆದು, ಅದರಲ್ಲೇ ಅರ್ಧ ಗಂಟೆ ಬಿಟ್ಟು, ಒಂದು ಮಿಲಿಲೀಟರಿನಲ್ಲಿ ಎಬ್ಬಿಸಿ ಫ್ರಿಜ್ಜಿನ ಕತ್ತಲಲ್ಲಿ ಇಡಬೇಕು.

ಕೂಡಿದೆಯೋ ಇಲ್ಲವೋ ನೋಡಲು, ಮೊಲದ ಪ್ರತಿಕಾಯವನ್ನು ಹಿಡಿಯುವ, ಫೈಕೋಎರಿಥ್ರಿನ್ ಹಚ್ಚಿದ ಎರಡನೆಯ ಪ್ರತಿಕಾಯವನ್ನು ಮಿಲಿಲೀಟರಿಗೆ 4 ಮೈಕ್ರೋಗ್ರಾಂನಿಂದ ಅರ್ಧರ್ಧ ಇಳಿಸುತ್ತ ಹೋಗಿ ಓದಿಸುತ್ತಾರೆ. ಕೂಡಿದ್ದರೆ ಪ್ರಮಾಣದೊಂದಿಗೆ ಓದೂ, ಅಂದರೆ ಒಂದು ಸಂಖ್ಯೆಯ ಮಣಿಗಳ ಹೊಳಪಿನ ಮಧ್ಯಾಂಕವೂ, ಏರಬೇಕು. ನಮ್ಮದು ಏರಲಿಲ್ಲ. ನಾಲ್ಕೂ ಮಣಿಗಳಲ್ಲಿ ಅತಿ ಹೆಚ್ಚಿನ ಪ್ರಮಾಣದಲ್ಲೂ 200ರ ಆಸುಪಾಸಿನ ಓದು, ಗೆರೆ ನೆಲಕ್ಕೆ ಮಲಗಿದಂತೆ ಚಪ್ಪಟೆ. ಗಮನಿಸಬೇಕಾದದ್ದೆಂದರೆ 65ನೆಯ ಮಣಿ, ಬಯೋಟಿನ್ ಬಿಎಸ್‌ಎ ಕೂಡಿಸಿದ್ದು, ಬಯೋಟಿನ್ನನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಜೊತೆಗಿನ ಫೈಕೋಎರಿಥ್ರಿನ್ ಹಾಕಿದಾಗಲೂ ಅಷ್ಟೇ ಮಂಕಾಗಿತ್ತು. ಬಯೋಟಿನ್ ಬಿಎಸ್‌ಎ ಬೇರೆ ಸೀಸೆಯದು, ಅದರ ಮೇಲೆ ಬಣ್ಣವನ್ನು ತಂದು ಕೂರಿಸುವ ಪ್ರೋಟೀನೂ ಬೇರೆ. ಎರಡು ಕಡೆಯೂ ಒಂದೇ ಕತೆಯಾದರೆ ದೋಷ ಪ್ರತಿಕಾಯದಲ್ಲಲ್ಲ, ಎಲ್ಲಕ್ಕೂ ಸಮಾನವಾದ ರಾಸಾಯನಿಕದಲ್ಲಿದೆ ಎಂದಾಯಿತು.

ಇಡಿಸಿ ತೇವಕ್ಕೆ ಸೋಲುವ ಪದಾರ್ಥ. ಫ್ರೀಜರಿನಿಂದ ತೆಗೆದ ತಣ್ಣನೆಯ ಸೀಸೆಯ ಮುಚ್ಚಳವನ್ನು ಜುಲೈ ತಿಂಗಳ ಗಾಳಿಯಲ್ಲಿ ತೆರೆದರೆ ಒಳಗೆ ನೀರು ಇಬ್ಬನಿಯಾಗಿ ಇಳಿಯುತ್ತದೆ. ಪುಡಿ ನೋಡಲು ಬೆಳ್ಳಗೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಹೊಸ ಸೀಸೆ ತರಿಸಿ, ಅದು ಕೋಣೆಯ ತಾಪಕ್ಕೆ ಬರುವವರೆಗೆ ಮುಚ್ಚಿಟ್ಟು, ಒಮ್ಮೆಲೇ 10 ಮಿ.ಗ್ರಾಂ.ನಂತೆ ಸಣ್ಣ ಟ್ಯೂಬ್‌ಗಳಿಗೆ ಹಂಚಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟೆವು. ಒಂದು ಟ್ಯೂಬು ಒಂದೇ ಸಲಕ್ಕೆ, ಉಳಿದದ್ದನ್ನು ಚೆಲ್ಲುವುದು. ಕರಗಿಸಿದ ಮೇಲೆ ಕೆಲವೇ ನಿಮಿಷಗಳೊಳಗೆ ಮಣಿಗೆ ಸೇರಬೇಕು.

ಆಗಸ್ಟ್: ಎರಡನೆಯ ಸುತ್ತು, ಮತ್ತು ಒಂದೇ ಮಣಿ ಹಟ ಹಿಡಿದದ್ದು

ಈ ಸಲ 65 ಹೊಳೆಯಿತು. 14, 26, 45 ಮೂರೂ ಅತಿ ಹೆಚ್ಚಿನ ಪ್ರಮಾಣದಲ್ಲಿ 15,000 ದಾಟಿದವು. 36 ಮಾತ್ರ, ಶೇಂಗಾ ಮೊಗ್ಗು ಕೊಳೆಯದ್ದು, 1,100ಕ್ಕೆ ನಿಂತಿತು. ರಾಸಾಯನಿಕ ಸರಿಯಿದೆ ಎಂದು ಉಳಿದ ಮಣಿಗಳೇ ಸಾಕ್ಷಿ ಹೇಳುತ್ತಿದ್ದುದರಿಂದ ನೇರವಾಗಿ ಆ ಪ್ರತಿಕಾಯದ ಸೀಸೆಯ ಚೀಟಿಯನ್ನು ನೋಡಿದೆವು. ಎಲೈಸಾ ಬಳಕೆಗೆಂದು ತಯಾರಿಸಿದ ಅದರಲ್ಲಿ ಸ್ಥಿರತೆಗಾಗಿ ಬಿಎಸ್‌ಎ ಬೆರೆಸಿದ್ದರು. ಮಣಿಯ ಮೇಲ್ಮೈ ಯಾವ ಅಮೈನ್ ಗುಂಪು ಮೊದಲು ಬಂದರೆ ಅದನ್ನು ಹಿಡಿದುಕೊಳ್ಳುತ್ತದೆ. ಪ್ರತಿಕಾಯಕ್ಕಿಂತ ಹತ್ತಾರು ಪಟ್ಟು ಹೆಚ್ಚಿಗೆ ಬಿಎಸ್‌ಎ ಇದ್ದರೆ ಜಾಗವೆಲ್ಲ ಅದಕ್ಕೇ ಹೋಗುತ್ತದೆ.

ಅಮೈನ್ ಗುಂಪೇ ಇರುವ ಟ್ರಿಸ್ ಅಥವಾ ಗ್ಲೈಸಿನ್ ಇದ್ದಿದ್ದರೆ ಉಪ್ಪು ತೆಗೆಯುವ ಸಣ್ಣ ಕಾಲಮ್ಮಿನಲ್ಲಿ ಬಫರ್ ಬದಲಿಸಿ ಬಗೆಹರಿಸಬಹುದಿತ್ತು, ಏಕೆಂದರೆ ಅವು ಚಿಕ್ಕ ಅಣುಗಳು. ಬಿಎಸ್‌ಎ ಹಾಗಲ್ಲ. 30 ಕಿಲೋಡಾಲ್ಟನ್ ಶೋಧಕದಲ್ಲಿ ಸೋಸಿ ನೋಡಿದೆವು. 66 ಕಿಲೋಡಾಲ್ಟನ್ನಿನ ಬಿಎಸ್‌ಎ ಮತ್ತು 150ರ ಪ್ರತಿಕಾಯ ಎರಡೂ ಮೇಲೆಯೇ ಉಳಿದವು. ಅರ್ಧ ದಿನ ಮತ್ತು ಒಂದು ಶೋಧಕ ವ್ಯರ್ಥ. ಕೊನೆಗೆ ಪ್ರೋಟೀನ್-ಜಿ ಕಾಲಮ್ಮಿನಲ್ಲಿ ಪ್ರತಿಕಾಯವನ್ನು ಮಾತ್ರ ಹಿಡಿದು, ಆಮ್ಲದಲ್ಲಿ ಬಿಡಿಸಿ, ಕೂಡಲೇ ತಟಸ್ಥಗೊಳಿಸಿ, ಪಿಬಿಎಸ್‌ಗೆ ಬದಲಿಸಿ ಮತ್ತೆ ಕೂಡಿಸಿದಾಗ 36 ಕೂಡ 13,000 ಮುಟ್ಟಿತು. ಪ್ರತಿಕಾಯ ಕೊಳ್ಳುವಾಗಲೇ ಬಿಎಸ್‌ಎ, ಜೆಲಟಿನ್, ಟ್ರಿಸ್ ಇಲ್ಲದ ಸೀಸೆ ಬೇಕೆಂದು ಬರೆದು ಕೇಳುವುದು ಇದಕ್ಕಿಂತ ಬಹಳ ಅಗ್ಗ.

ಎಣಿಕೆಯ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ರಕ್ತಕಣ ಎಣಿಸುವ ನ್ಯೂಬಾವರ್ ಗಾಜಿನಲ್ಲಿ ಹತ್ತು ಪಟ್ಟು ತೆಳುಮಾಡಿದ ಮಣಿಯನ್ನು ಹಾಕಿ, ನಾಲ್ಕು ಮೂಲೆಯ ಚೌಕಗಳ ಸರಾಸರಿಯನ್ನು 10,000ದಿಂದಲೂ ಮತ್ತೆ ಹತ್ತರಿಂದಲೂ ಗುಣಿಸಿದರೆ ಮಿಲಿಲೀಟರಿನ ಲೆಕ್ಕ ಸಿಗುತ್ತದೆ. ಮೊದಲ ಸುತ್ತಿನಲ್ಲಿ ಸರಾಸರಿ 29 ಬಂದಿತ್ತು, ಅಂದರೆ 50 ಲಕ್ಷದಲ್ಲಿ 29 ಲಕ್ಷ ಮಾತ್ರ ಉಳಿದಿತ್ತು. ಅಯಸ್ಕಾಂತದ ಪಕ್ಕ ಒಂದು ನಿಮಿಷಕ್ಕೇ ನೀರು ತಿಳಿಯಾದಂತೆ ಕಾಣುತ್ತದೆ, ಆದರೆ ಬಿಳಿ ಕಾಗದ ಹಿಡಿದು ನೋಡಿದರೆ ಇನ್ನೂ ನಸುಗಂದು. ಎರಡು ನಿಮಿಷ ಪೂರ್ತಿ ಕಾದು, ಪಿಪೆಟ್ಟಿನ ತುದಿಯನ್ನು ಮಣಿಗಳು ಗುಂಪಾದ ಗೋಡೆಯ ಎದುರು ಬದಿಗೆ ಇಟ್ಟು ಹೀರಿದ ಮೇಲೆ ಸರಾಸರಿ 46ಕ್ಕೆ ಏರಿತು. ಪ್ರತಿ ಗುಳಿಗೆ ಒಂದೊಂದು ಸಂಖ್ಯೆಯ 2,500 ಮಣಿ ಬೇಕು. ಈ ಸಾಂದ್ರತೆಯಲ್ಲಿ ನೂರು ಗುಳಿಗೆ ಒಂದೊಂದು ಸೀಸೆಯಿಂದ ಸುಮಾರು 54 ಮೈಕ್ರೋಲೀಟರ್ ತೆಗೆದು ಒಟ್ಟು 5 ಮಿಲಿಲೀಟರ್ ಮಾಡಿದರೆ ಸಾಕು. ಒಂದು ಸಲ ಕೂಡಿಸಿದ್ದು ಈ ಹಂಗಾಮಿಗೆಲ್ಲ ಸಾಕಾಗಿ ಮಿಕ್ಕುತ್ತದೆ.

ಸೆಪ್ಟೆಂಬರ್: ಎಲೆರಸ

ಇಲ್ಲಿಯವರೆಗಿನದು ಶುದ್ಧ ದ್ರಾವಣಗಳ ಕೆಲಸ. ಮೆಣಸಿನ ಎಲೆ ಬಂದ ಮೇಲೆ ಲೆಕ್ಕವೇ ಬೇರೆಯಾಯಿತು. ಒಂದು ಗ್ರಾಂ ಎಲೆಗೆ 10 ಮಿಲಿಲೀಟರ್ ಪಿಬಿಎಸ್-ಟ್ವೀನ್ ಹಾಕಿ ಅರೆದು, ಬಟ್ಟೆಯಲ್ಲಿ ಸೋಸಿ, 50 ಮೈಕ್ರೋಲೀಟರ್ ಮಣಿಮಿಶ್ರಣಕ್ಕೆ 50 ಮೈಕ್ರೋಲೀಟರ್ ರಸ ಸೇರಿಸಿ, ಒಂದು ಗಂಟೆ ಕತ್ತಲಲ್ಲಿ ಅಲುಗಿಸಿ, ಬಯೋಟಿನ್ ಹಚ್ಚಿದ ಪ್ರತಿಕಾಯಗಳ ಮಿಶ್ರಣ, ಆಮೇಲೆ ಸ್ಟ್ರೆಪ್ಟಾವಿಡಿನ್-ಫೈಕೋಎರಿಥ್ರಿನ್ ಹಾಕಿದೆವು. ಕೀಟ ನುಸುಳದ ಬಲೆಮನೆಯಲ್ಲಿ ಬೆಳೆಸಿದ ಆರೋಗ್ಯವಂತ ಗಿಡದ ರಸದಲ್ಲಿ ನಾಲ್ಕೂ ವೈರಸ್ ಮಣಿಗಳ ಓದು ಸಾವಿರದ ಮೇಲೆ! ಆದರೆ 55ನೆಯದು, ಬರಿಯ ಬಿಎಸ್‌ಎ ಮಣಿ, ಅದೂ 1,200ರಲ್ಲಿತ್ತು. ವೈರಸ್ಸಿಗೂ ಅದಕ್ಕೂ ಸಂಬಂಧವೇ ಇಲ್ಲದಿರುವಾಗ ಅದು ಮಿನುಗುತ್ತಿದೆಯೆಂದರೆ ರಸದಲ್ಲಿನ ಏನೋ ಎಲ್ಲ ಮಣಿಗಳ ಮೈಗೂ ಅಂಟಿಕೊಂಡು, ಮೇಲೆ ಬಂದ ಪ್ರತಿಕಾಯವನ್ನು ಹಿಡಿಯುತ್ತಿದೆ ಎಂದೇ ಅರ್ಥ.

ಅರೆದಿಟ್ಟ ರಸ ಅರ್ಧ ಗಂಟೆಯಲ್ಲಿ ಕಂದು ತಿರುಗುತ್ತಿತ್ತು. ಪಾಲಿಫಿನಾಲ್‌ಗಳು ಗಾಳಿಗೆ ಉತ್ಕರ್ಷಣಗೊಂಡು ಜಿಗುಟಾಗುವುದು ಎಲೆರಸದ ಹಳೆಯ ಚಾಳಿ. ಅದನ್ನು ತಡೆಯಲು ಬಫರಿಗೆ ಶೇ. 2ರಷ್ಟು ಪಾಲಿವಿನೈಲ್ ಪಿರೋಲಿಡೋನ್ ಮತ್ತು ಸ್ವಲ್ಪ ಸೋಡಿಯಂ ಸಲ್ಫೈಟ್ ಸೇರಿಸಿ, ಎಲೆಗೆ ಇಪ್ಪತ್ತು ಪಟ್ಟು ಬಫರ್ ಹಾಕಿ, ಬಟ್ಟೆಯ ಬದಲು 10,000 ಜಿ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನು ಮಾತ್ರ ತೆಗೆದುಕೊಂಡಾಗ 55ರ ಓದು ನೂರರ ಕೆಳಗೆ ಇಳಿಯಿತು. ಇದೊಂದು ಬದಲಾವಣೆಗೆ ಇನ್ನೊಂದು ಲಾಭವೂ ಸಿಕ್ಕಿತು. ಮೊದಲು ಎಲೆಯ ಚೂರುಗಳ ಸುತ್ತ ಮಣಿಗಳು ಉಂಡೆಗಟ್ಟಿ, ಕೆಲವು ಗುಳಿಗಳಲ್ಲಿ ಒಂದು ಸಂಖ್ಯೆಯ 50 ಮಣಿಗಳೂ ಯಂತ್ರಕ್ಕೆ ಸಿಗುತ್ತಿರಲಿಲ್ಲ. ಅಷ್ಟು ಕಡಿಮೆಯಾದರೆ ಆ ಗುಳಿಯ ಮಧ್ಯಾಂಕವನ್ನು ನಂಬುವಂತಿಲ್ಲ. ಈಗ ನೂರಕ್ಕೆ ಕಡಿಮೆ ಇರುವುದು ಅಪರೂಪ.

ಸಮಯ ಉಳಿಸಲು ಕೊನೆಯ ತೊಳೆತವನ್ನು ಬಿಟ್ಟು ನೋಡಿದ ಪ್ಲೇಟಿನ ನಕ್ಷೆ ವಿಚಿತ್ರವಾಗಿ ಬಂತು. ಬಿಗಿಯಾಗಿ ಗುಂಪಾಗಿರಬೇಕಾದ ಮಣಿಗಳ ಚುಕ್ಕೆಗಳು ಓರೆಯಾಗಿ ಎಳೆದುಕೊಂಡಂತೆ ಹರಡಿದ್ದವು. ಕ್ಲೋರೊಫಿಲ್ ಕೆಂಪು ಬೆಳಕನ್ನು ಹೀರಿ 680 ನ್ಯಾನೋಮೀಟರಿನ ಸುತ್ತಮುತ್ತ ತಾನೇ ಹೊಳೆಯುತ್ತದೆ, ಮಣಿಯ ಸಂಕೇತವನ್ನು ಓದುವುದೂ ಆ ಸೀಮೆಯಲ್ಲೇ. ರಕ್ತದ ಸೀರಂನಲ್ಲಿ ಕೆಲಸ ಮಾಡುವವರಿಗೆ ಈ ತೊಂದರೆ ಇಲ್ಲ. ಹಸಿರೆಲೆಯವರು ಮಾತ್ರ ತೊಳೆತದಲ್ಲಿ ಉಳಿತಾಯ ಮಾಡಬಾರದು. ತೊಳೆಯುವಾಗಲೂ ಪ್ಲೇಟನ್ನು ಅಯಸ್ಕಾಂತದ ಪೀಠದ ಸಮೇತ ತಲೆಕೆಳಗು ಮಾಡಿ ಒದರುವ ಪದ್ಧತಿ ನಮ್ಮ 4 ಮಿ.ಮೀ. ಕಡ್ಡಿಗಳಿಗೆ ಒಗ್ಗಲಿಲ್ಲ, ಮಣಿಗಳೂ ಸಿಂಕಿಗೆ ಹೋದವು. ಎಂಟು ತುದಿಯ ಪಿಪೆಟ್ಟಿನಿಂದ, ತಳದಲ್ಲಿ ಹತ್ತು ಮೈಕ್ರೋಲೀಟರಿನಷ್ಟು ಬಿಟ್ಟು, ನಿಧಾನವಾಗಿ ಹೀರುವುದೇ ಸರಿ.

ಆರೋಗ್ಯವಂತ ಗಿಡದಲ್ಲೂ ವೈರಸ್

ಬಿಎಸ್‌ಎ ಮಣಿ ತೆಪ್ಪಗಾದ ಮೇಲೂ ಬಲೆಮನೆಯ ಒಂದು ಗಿಡದಲ್ಲಿ 45 ಮಾತ್ರ ಎತ್ತರಕ್ಕೆ ಓದುತ್ತಿತ್ತು. ಅಡ್ಡ ಪ್ರತಿಕ್ರಿಯೆ ಇರಬಹುದೆಂದು ಎಲ್ಲ ಆರು ಮಣಿಗಳಿಗೂ ಒಂದೊಂದೇ ಬಯೋಟಿನ್ ಪ್ರತಿಕಾಯ ಹಾಕಿ ಕೋಷ್ಟಕ ಮಾಡಿದೆವು. ಪೆಪ್ಪರ್ ಮೈಲ್ಡ್ ಮಾಟಲ್‌ನ ಪ್ರತಿಕಾಯ ಹಾಕಿದಾಗ 45 ಮಾತ್ರ ಎದ್ದಿತು, ಉಳಿದವುಗಳಲ್ಲಿ ಏನೂ ಇಲ್ಲ. ಅಂದರೆ ಗಿಡದಲ್ಲಿ ವೈರಸ್ ನಿಜವಾಗಿಯೇ ಇದೆ. ಸೌತೆ ಮೊಸಾಯಿಕ್, ವೀನಲ್ ಮಾಟಲ್‌ಗಳು ಸಸ್ಯಹೇನಿನಿಂದ, ಮೊಗ್ಗು ಕೊಳೆ ಥ್ರಿಪ್ಸ್ ನುಸಿಯಿಂದ ಹರಡುತ್ತವೆ, ಬಲೆ ಅವನ್ನು ತಡೆಯುತ್ತದೆ. ಪೆಪ್ಪರ್ ಮೈಲ್ಡ್ ಮಾಟಲ್ ಬೀಜದ ಸಿಪ್ಪೆಯಲ್ಲಿಯೇ ಬರುತ್ತದೆ, ಕೈಯಿಂದ ಕೈಗೆ, ಗಿಡದಿಂದ ಗಿಡಕ್ಕೆ ಉಜ್ಜಿದರೂ ಹರಡುತ್ತದೆ. ಅದಕ್ಕೆ ಬಲೆಯ ಹಂಗಿಲ್ಲ. ಬೀಜವನ್ನು ಶೇ. 10ರ ಟ್ರೈಸೋಡಿಯಂ ಫಾಸ್ಫೇಟಿನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಹೊಸದಾಗಿ ಬಿತ್ತಿದ ಗಿಡಗಳನ್ನೇ ಈಗ ಆರೋಗ್ಯವಂತ ಮಾದರಿಯೆಂದು ಬಳಸುತ್ತಿದ್ದೇವೆ. ಅವುಗಳ ಸರಾಸರಿಗೆ ಮೂರು ಪ್ರಮಾಣ ವಿಚಲನೆ ಕೂಡಿಸಿದ್ದು ನಮ್ಮ ಗಡಿಗೆರೆ; ಓದು ಅದನ್ನು ದಾಟಿದರೆ ವೈರಸ್ ಇದೆ ಎಂದು ಲೆಕ್ಕ. ಎಲೈಸಾದಲ್ಲಿ ಒಂದೊಂದೇ ವೈರಸ್ ನೋಡುತ್ತಿದ್ದ ಕಾಲದಲ್ಲಿ ಅದೇ ಕೆಟ್ಟ ಮಾದರಿಯ ಮೇಲೆ ಎಷ್ಟು ಗಡಿಗೆರೆ ಎಳೆದಿದ್ದೆವೋ!

ಅಕ್ಟೋಬರ್: ಸಾಗಣೆ

ಪ್ಲೇಟನ್ನು ರಾತ್ರಿಯ ರೈಲಿನಲ್ಲಿ ಒಯ್ದರೆ ಗುಳಿಯಿಂದ ಗುಳಿಗೆ ಚೆಲ್ಲುತ್ತದೆ. ಆದ್ದರಿಂದ ತೊಳೆದ ಮಣಿಗಳನ್ನು ಮುಚ್ಚಳವಿರುವ ಎಂಟರ ಪಿಸಿಆರ್ ಟ್ಯೂಬ್‌ಪಟ್ಟಿಗಳಿಗೆ ವರ್ಗಾಯಿಸಿ, ಫಾಯಿಲ್ ಸುತ್ತಿ, ಥರ್ಮೋಕೋಲ್ ಡಬ್ಬಿಯಲ್ಲಿ ಜೆಲ್ ಮಂಜುಗಡ್ಡೆಯೊಂದಿಗೆ ಕಳಿಸಿದೆವು. ಒಂದು ಸಲದ ಫಲಿತಾಂಶದಲ್ಲಿ ಡಬ್ಬಿಯ ಒಂದು ಬದಿಯ ಪಟ್ಟಿಗಳೆಲ್ಲ ಮಂಕಾಗಿದ್ದವು. ವೈರಸ್ ಮಣಿಗಳನ್ನಷ್ಟೇ ನೋಡಿದ್ದರೆ ಆ ಹೊಲಗಳಲ್ಲಿ ರೋಗವಿಲ್ಲವೆಂದು ರೈತರಿಗೆ ಹೇಳಿ ಕಳಿಸುತ್ತಿದ್ದೆವು. ಆದರೆ 65, ಪ್ರತಿ ಟ್ಯೂಬಿನಲ್ಲಿಯೂ 20,000ದ ಆಸುಪಾಸು ಇರಬೇಕಾದದ್ದು, ಆ ಪಟ್ಟಿಗಳಲ್ಲಿ 3,000ಕ್ಕೆ ಕುಸಿದಿತ್ತು. ಡೀಪ್ ಫ್ರೀಜರಿನಿಂದ ನೇರವಾಗಿ ತೆಗೆದ ಜೆಲ್ ಚೀಲ ಆ ಬದಿಗೆ ಒತ್ತಿಕೊಂಡು ಟ್ಯೂಬ್‌ಗಳನ್ನು ಹೆಪ್ಪುಗಟ್ಟಿಸಿತ್ತು. ಫೈಕೋಎರಿಥ್ರಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಈಗ ಜೆಲ್ ಚೀಲವನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ತಣಿಸಿ, ಟ್ಯೂಬಿಗೂ ಅದಕ್ಕೂ ನಡುವೆ ಎರಡು ಪದರ ರಟ್ಟು ಇಟ್ಟು ಕಳಿಸುತ್ತೇವೆ. 65 ಕುಸಿದ ಯಾವ ಟ್ಯೂಬಿನ ಫಲಿತಾಂಶವನ್ನೂ ಬರೆಯುವುದಿಲ್ಲ ಎಂಬುದು ಈಗ ನಮ್ಮ ನಿಯಮ. 55 ಏರಿದ್ದನ್ನೂ ಹಾಗೆಯೇ.

ಈಗ ಎಲ್ಲಿ ನಿಂತಿದೆ

ಸೌತೆ ಮೊಸಾಯಿಕ್ ಮತ್ತು ವೀನಲ್ ಮಾಟಲ್ ಎರಡೂ ಒಂದೇ ಗಿಡದಲ್ಲಿರುವ ಮಿಶ್ರ ಸೋಂಕುಗಳನ್ನು ಒಂದೇ ಗುಳಿಯಲ್ಲಿ ಹಿಡಿಯಲು ಸಾಧ್ಯವಾಗಿದೆ. ಅವೇ ಎಲೆಗಳ ಎಲೈಸಾ ಫಲಿತಾಂಶಗಳೂ ಹೊಂದಿಕೊಂಡಿವೆ. ಗಡಿಗೆರೆಯ ಹತ್ತಿರ ಬರುವ ಓದುಗಳನ್ನು ಸದ್ಯಕ್ಕೆ ಎಲೈಸಾದಲ್ಲಿ ಮತ್ತೆ ನೋಡುತ್ತೇವೆ.

ಎರಡು ಕಡೆ ಕೆಲಸ ನಿಂತಿದೆ. 36ನೆಯ ಮಣಿಯ ಪ್ರತಿಕಾಯವು ಮೊಗ್ಗು ಕೊಳೆ ವೈರಸ್ಸನ್ನಷ್ಟೇ ಅಲ್ಲ, ಅದೇ ಸೀರೋ ಗುಂಪಿಗೆ (ಪ್ರತಿಕಾಯಕ್ಕೆ ಒಂದೇ ಬಗೆಯಾಗಿ ಕಾಣುವ ವೈರಸ್‌ಗಳ ಗುಂಪಿಗೆ) ಸೇರಿದ, ಮೆಣಸಿಗೂ ತಗಲುವ ಕ್ಯಾಪ್ಸಿಕಂ ಕ್ಲೋರೋಸಿಸ್ ವೈರಸ್ಸನ್ನೂ ಹಿಡಿಯಬಲ್ಲದು. ಆದ್ದರಿಂದ ವರದಿಯಲ್ಲಿ ವೈರಸ್ಸಿನ ಹೆಸರಿನ ಬದಲು ಗುಂಪಿನ ಹೆಸರನ್ನೇ ಬರೆಯುತ್ತಿದ್ದೇವೆ. ಬಿಡಿಸಿ ಹೇಳಬೇಕಾದರೆ ಪಿಸಿಆರ್ ಬೇಕು. ಇನ್ನೊಂದು, ರೈತರು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಮುಟುರು ರೋಗದ್ದು. ಥ್ರಿಪ್ಸ್ ಕಡಿದರೆ ಎಲೆ ಮೇಲಕ್ಕೆ ಮುದುಡುತ್ತದೆ, ಮೈಟ್ ನುಸಿ ಕಡಿದರೆ ಕೆಳಕ್ಕೆ ಮುದುಡುತ್ತದೆ, ಬಿಳಿನೊಣ ತರುವ ಎಲೆ ಸುರುಳಿ ವೈರಸ್ಸಿನಿಂದಲೂ ಮುದುಡುತ್ತದೆ. ನಮ್ಮ ನಾಲ್ಕು ಮಣಿಗಳು ಈ ಮೂರರಲ್ಲಿ ಯಾವುದನ್ನೂ ಕಾಣುವುದಿಲ್ಲ, ಹಾಗಾಗಿ ಮುಟುರು ಬಂದ ಎಲೆ ನಾಲ್ಕಕ್ಕೂ ಇಲ್ಲವೆಂದು ಬಂದಾಗ 'ರೋಗವಿಲ್ಲ' ಎಂದು ಬರೆಯದೆ 'ಈ ನಾಲ್ಕು ವೈರಸ್ ಕಂಡುಬಂದಿಲ್ಲ' ಎಂದು ಬರೆಯುತ್ತೇವೆ. ಎಲೆ ಸುರುಳಿ ವೈರಸ್ಸಿಗೆ ಒಳ್ಳೆಯ ಪ್ರತಿಕಾಯ ಸಿಗುವುದು ಕಷ್ಟ; ಪ್ರತಿಕಾಯದ ಬದಲು ಮಣಿಗೆ ಡಿಎನ್‌ಎ ತುಣುಕನ್ನು ಕೂಡಿಸಿ, ಪಿಸಿಆರ್‌ನಲ್ಲಿ ಹೆಚ್ಚಿಸಿದ ವೈರಸ್ ಡಿಎನ್‌ಎಯನ್ನು ಅದರ ಮೇಲೆ ಹಿಡಿಯುವ ದಾರಿಯಿದೆ. ಅದಕ್ಕೆಂದು 75ನೆಯ ಸಂಖ್ಯೆಯ ಮಣಿಗೆ ಬೇಡಿಕೆ ಕಳಿಸಿದ್ದೇವೆ. ಜನವರಿಯ ಕೊಯ್ಲು ಮುಗಿಯುವುದರೊಳಗೆ ಎಲೆಗಳನ್ನು ತಂದು ಮೈನಸ್ 80 ಡಿಗ್ರಿಯಲ್ಲಿ ಇಡುವ ಕೆಲಸ ಈಗ ನಡೆದಿದೆ.